ಬೋಳು ಕಾಯುವ ಗುಂಡಿಯಣ್ಣ

ಗುಂಡಿಯಣ್ಣನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು. ಅದು ಈಗ ಅವನಿಗೇ ಸರಿಯಾಗಿ ನೆನಪಿಲ್ಲ. ಹರೆಯದಲ್ಲಿ ಊರವರೊಡನೆ ಕೊಡಲಿ ಹಿಡಿದು ಬೆಟ್ಟವನ್ನು ನುಣ್ಣಗೆ ಬೋಳಿಸಿದವರಲ್ಲಿ ಅವನೂ ಒಬ್ಬ. ತೊರೆ ಬತ್ತಿ ಬಾಯಿಗೆ ಮಣ್ಣು ಬೀಳುವ ಹೊತ್ತಿಗೆ ಎಲ್ಲರಿಗೂ ಬುದ್ಧಿ ಬಂತು. ಸಂಘ ಕಟ್ಟಿದರು, ಮೇಕೆಗಳನ್ನು ಮಾರಿದರು, ಸರದಿಯ ಮೇಲೆ ಕಾವಲು ಕಾದರು, ಗುಂಡಿ ತೋಡಿ ಸಸಿ ನೆಟ್ಟರು. ಎಲ್ಲರಿಗಿಂತ ಹೆಚ್ಚು ಗುಂಡಿ ತೋಡಿದವನು ಇವನು, ಹೆಸರು ಅಂಟಿಕೊಂಡಿತು. ಕಾಡೂ ಬಂತು. ಎಂಥ ಕಾಡು ಅಂದರೆ, ಇನ್ನೊಂದು ಸಸಿಗೆ ಜಾಗವಿಲ್ಲ.

ತೊಂದರೆ ಶುರುವಾದದ್ದೇ ಅಲ್ಲಿ. ಬೋಳುಬೆಟ್ಟ ಕಾಡಾದ ಕಥೆ ಕೇಳಿ ಪಟ್ಟಣದಿಂದ ಬಸ್ಸುಗಟ್ಟಲೆ ಜನ ಬರತೊಡಗಿದರು. ಬಂದವರಿಗೆ ಕಾಡು ನೋಡಿದರೆ ಸಾಲದು, ಅದನ್ನು ಉಳಿಸಲೂ ಬೇಕು. ಉಳಿಸುವಾಗ ಫೋಟೋ ಆಗಬೇಕು. ನಮ್ಮಂಥವರ ಪಾಡೇ ಇಷ್ಟು: ಮನೆಯ ಕುಂಡಕ್ಕೆ ನೀರು ಹಾಕಲು ಸೋಮಾರಿತನ, ಪರರ ಬೆಟ್ಟದಲ್ಲಿ ಸಸಿ ನೆಡಲು ಎಲ್ಲಿಲ್ಲದ ಹುಮ್ಮಸ್ಸು. ಹಾಗಾಗಿ ಸಂಘವು ಬಸ್ಸು ನಿಲ್ಲುವ ಕಡೆ ಅಂಗಳದಷ್ಟು ನೆಲವನ್ನು ಬೋಳಾಗಿಯೇ ಇಟ್ಟುಕೊಂಡಿತು. ಉಸ್ತುವಾರಿ ಗುಂಡಿಯಣ್ಣನದು. ಕಾಡಿಗೆ ಇದೆಲ್ಲ ಅರ್ಥವಾಗದೆ ಅಲ್ಲೂ ತಾನಾಗಿ ಮೊಳೆಯುತ್ತಿತ್ತು. ಅವನು ಬೈದುಕೊಂಡು ಕೀಳುತ್ತಿದ್ದ. ಅತಿಥಿಗಳು ನೆಟ್ಟ ಸಸಿಗಳನ್ನು ಸಂಜೆ ಬೇರು ಮುರಿಯದಂತೆ ಎತ್ತಿ, ಹಿತ್ತಿಲಲ್ಲಿ ಸಸಿಮಡಿ ನೋಡಿಕೊಳ್ಳುವ ಹೆಂಡತಿಗೆ ಒಪ್ಪಿಸುತ್ತಿದ್ದ. ಮರುದಿನ ಅವೇ ಸಸಿ, ಅವೇ ಗುಂಡಿ. ಕೆಲವು ಸಸಿಗಳಂತೂ ಹೊಸ ದಂಪತಿಗಳಿಂದ ಹಿಡಿದು ನಿವೃತ್ತ ನ್ಯಾಯಾಧೀಶರವರೆಗೆ ಎಲ್ಲರ ಕೈಯಲ್ಲೂ ನೆಡಿಸಿಕೊಂಡು ಸುಸ್ತಾಗಿದ್ದವು.

ಸಂಘದ ಅಧ್ಯಕ್ಷನಾದ ಭಾವ ಮೊದಲೇ ಹೇಳಿಟ್ಟಿದ್ದ: "ನೋಡಪ್ಪಾ, ಸಿಕ್ಕಿಹಾಕ್ಕೊಂಡ್ರೆ ಸಂಘಕ್ಕೇನೂ ಗೊತ್ತಿಲ್ಲ. ಮಾರ್ಗದರ್ಶಿ ಟೋಪಿ ಬಿಚ್ಚಿಟ್ಟು ಮನೆಗೆ ಹೋಗ್ತಾ ಇರು."

ಆ ಹಸಿರು ಟೋಪಿಯನ್ನು ಗುಂಡಿಯಣ್ಣ ಸ್ನಾನಕ್ಕೆ ಮಾತ್ರ ತೆಗೆಯುತ್ತಿದ್ದ. ಮರಗಳ್ಳ ಅಂತ ಆಡಿಕೊಳ್ಳುತ್ತಿದ್ದ ಜನ ನಮಸ್ಕಾರ ಹೇಳಲು ಶುರು ಮಾಡಿದ್ದೇ ಅದು ತಲೆಗೇರಿದ ಮೇಲೆ.

ಒಂದು ದಿನ ಬಸ್ಸಿನಿಂದ ಕೋಲೂರಿಕೊಂಡು ಇಳಿದ ಅಜ್ಜಿಯೊಬ್ಬರು ನೇರ ಅವನ ಬಳಿಗೇ ಬಂದರು.

"ಏನಪ್ಪಾ, ಹೋದ ವರ್ಷ ನಮ್ಮ ಯಜಮಾನ್ರು ತೀರ್ಕೊಂಡಾಗ ಅವ್ರ ನೆನಪಿಗೆ ಇಲ್ಲಿ ಸಸಿ ನೆಟ್ಟಿದ್ದೆ. ಎಲ್ಲಿದೆ, ತೋರ್ಸು."

ಗುಂಡಿಯಣ್ಣ ಬೋಳು ನೆಲದತ್ತ ತಿರುಗಿದ. ಬೆಳಿಗ್ಗೆ ತೋಡಿದ ಗುಂಡಿಗಳು ಎದುರಿಗೇ ಬಾಯಿ ಬಿಟ್ಟುಕೊಂಡಿದ್ದವು. ಟೋಪಿಯನ್ನು ಒತ್ತಿಕೊಂಡು, ಅಂಚಿನಲ್ಲಿ ಕಂಡ ಮರವೊಂದಕ್ಕೆ ಕೈ ತೋರಿಸಿಬಿಟ್ಟ.

"ಅದೇ ಅಮ್ಮಾ."

ಮರದ ತುದಿ ಕಾಣಲು ಅಜ್ಜಿ ಕನ್ನಡಕ ಮೇಲೇರಿಸಬೇಕಾಯಿತು.

"ಒಂದೇ ವರ್ಷಕ್ಕಾ?"

"ಮಣ್ಣು ಚೆನ್ನಾಗಿದೆ ಅಮ್ಮಾ."

"ಬುಡದಲ್ಲಿ ಹುತ್ತ ಬೇರೆ ಎದ್ದಿದೆ!"

"ಗೆದ್ದಲಿಗೂ ಇಲ್ಲಿನ ಹವಾ ಹಿಡಿಸ್ಬಿಟ್ಟಿದೆ."

ಹಿಂದೆ ನಿಂತಿದ್ದ ಅತಿಥಿಯೊಬ್ಬ ಯಾವ ಗೊಬ್ಬರ ಹಾಕುತ್ತೀರಿ ಎಂದು ಶ್ರದ್ಧೆಯಿಂದ ಕೇಳಿದ.

ಅಜ್ಜಿ ಗುಂಡಿಯಣ್ಣನ ಮುಖವನ್ನೇ ದಿಟ್ಟಿಸಿದರು. ಅವನು ಕಣ್ಣು ಮಿಟುಕಿಸಲಿಲ್ಲ. ಟೋಪಿಯೊಳಗೆ ಮಾತ್ರ ಬೆವರು ಕಿತ್ತುಕೊಂಡಿತ್ತು. ಅವರು ಕಿಸಕ್ಕನೆ ನಕ್ಕುಬಿಟ್ಟರು.

"ಅವ್ರೂ ಹೀಗೇ ಕಣಪ್ಪಾ, ಕಣ್ಣು ಮಿಟುಕಿಸ್ದೆ ಸುಳ್ಳು ಹೇಳೋರು. ನಾನೂ ನಂಬಿದ ಹಾಗೆ ಇರ್ತಿದ್ದೆ." ಆಮೇಲೆ ದನಿ ತಗ್ಗಿಸಿ, "ಯಾರಿಗೂ ಹೇಳಲ್ಲ, ಹೆದರ್ಬೇಡ. ಇನ್ನೊಂದು ಸಸಿ ಕೊಡು. ಇದನ್ನ ಮಾತ್ರ ಕೀಳ್ದೆ ಬಿಟ್ಬಿಡು" ಎಂದರು.

ನೆಟ್ಟರು. ಫೋಟೋ ಬೇಡವೆಂದ ಮೊದಲ ಅತಿಥಿ ಅವರೇ.

ಸಂಜೆ ಗುಂಡಿಯಣ್ಣ ಎಂದಿನಂತೆ ಸಸಿಗಳನ್ನು ಎತ್ತಿಕೊಂಡು ಮನೆಗೆ ಬಂದ. ಹೆಂಡತಿ ಬುಟ್ಟಿಯೊಳಗೆ ಇಣುಕಿದಳು.

"ಒಂದು ಕಮ್ಮಿ ಇದೆಯಲ್ರೀ?"

"ಮೇಕೆ ತಿಂತು ಕಣೇ."

ಊರಲ್ಲಿ ಮೇಕೆಯ ಸದ್ದು ಕೇಳಿ ಎಷ್ಟೋ ವರ್ಷವಾಗಿತ್ತು. ಗುಂಡಿಯಣ್ಣ ಕಣ್ಣು ಮಿಟುಕಿಸಲಿಲ್ಲ.