ಭಾನುವಾರ ಮಾತ್ರ ಕೆಡದ ಕಾರು

ನಿನ್ನೆ ಅಡುಗೆಮನೆಯ ಸ್ವಿಚ್‌ಬೋರ್ಡ್ ಸರಿಮಾಡಲು ಬಂದವನು ಕಪ್ಪು ಟೇಪನ್ನು ಹಲ್ಲಿನಿಂದ ಹರಿದ. ಆ ವಾಸನೆ... ಟಾರು, ರಬ್ಬರು, ಬೆವರು ಮೂರೂ ಸೇರಿದಂಥದ್ದು. ಕೈಯಲ್ಲಿದ್ದ ಕಾಫಿ ಕುಡಿಯುವ ಮನಸ್ಸೇ ಹೋಯಿತು. ಅಟ್ಟೂರಿನಲ್ಲಿ ನಮ್ಮ ಮನೆಯಿಂದ ಎರಡು ತಿರುವು ಆಚೆ ಅಂಗಡಿ ಇಟ್ಟಿದ್ದ ಮೆಕ್ಯಾನಿಕ್ ನೆನಪಾದ. ಅವನ ಮೇಲೆ ನನಗೆ ಇವತ್ತಿಗೂ ಕೋಪವಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಹದಿನೈದು ವರ್ಷ ನನ್ನ ಕಾರನ್ನು ಅವನ ಹೊರತು ಇನ್ನೊಬ್ಬರು ಮುಟ್ಟಿದ್ದಿಲ್ಲ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಮೆಷಿನ್ ರಿಪೇರಿ ಮಾಡಿಕೊಂಡೇ ತಲೆ ನರೆತವನು ನಾನು. ಕೆಲಸಗಾರನನ್ನು ಅವನ ಕೈ ನೋಡಿಯೇ ಅಳೆಯುತ್ತೇನೆ. ಈ ಮನುಷ್ಯ ವೈರಿಗೆ ಟೇಪು ಸುತ್ತಿದರೆ ಅದರ ತುದಿಯನ್ನು ಒಂದಿಷ್ಟು ಮಡಚಿ ಬಿಡುತ್ತಿದ್ದ. ಯಾಕಯ್ಯಾ ಎಂದರೆ, "ನಾಳೆ ಬಿಚ್ಚೋನ ಉಗುರು ನೋಯ್ಬಾರ್ದು ಸಾರ್" ಎನ್ನುತ್ತಿದ್ದ. ಆ ಒಂದು ಮಾತಿಗೆ ನಾನು ಮರುಳಾಗಿದ್ದೆ. ನಿವೃತ್ತನಾದ ಮೇಲೆ ದಿನಾ ಸಂಜೆ ಅವನ ಅಂಗಡಿಯಲ್ಲಿ ಕೂತು ಚಹಾ ಕುಡಿದು ಹರಟುವುದು ರೂಢಿಯಾಯಿತು.

ಏಳು ವರ್ಷದ ಹಿಂದೆ, ಮಳೆಗಾಲ ಮುಗಿಯುವ ಹೊತ್ತಿಗೆ, ಕಾರು ಕೈಕೊಡಲು ಶುರುಮಾಡಿತು. ಒಂದು ದಿನ ಸಲೀಸಾಗಿ ಸ್ಟಾರ್ಟ್ ಆಗುತ್ತಿತ್ತು. ಇನ್ನೊಂದು ದಿನ ಕೀ ತಿರುಗಿಸಿದರೆ ದೀಪಗಳೆಲ್ಲ ಉರಿಯುತ್ತಿದ್ದವು, ಸ್ಟಾರ್ಟರ್ ಮಾತ್ರ ಟಕ್ ಎಂದೂ ಅನ್ನುತ್ತಿರಲಿಲ್ಲ. ಫೋನ್ ಮಾಡಿದರೆ "ಬಂದೆ ಸಾರ್" ಎಂದವನು ಮಧ್ಯಾಹ್ನ ಕಳೆದು ಬರುತ್ತಿದ್ದ. ಬ್ಯಾಟರಿಗೆ ಬಿಸಿನೀರು ಹುಯ್ದು ಟರ್ಮಿನಲ್ ಉಜ್ಜುತ್ತಿದ್ದ, ಸ್ಟೀರಿಂಗ್ ಕೆಳಗೆ ಕೈ ಹಾಕಿ ಏನೋ ತಡಕಾಡುತ್ತಿದ್ದ. "ಈಗ ಸೆಲ್ಫ್ ಒಡೀರಿ ಸಾರ್." ಕಾರು ಗುರ್ ಎನ್ನುತ್ತಿತ್ತು.

"ಎಲ್ಲೋ ಒಂದು ವೈರು ಲೂಸ್ ಐತೆ. ಇಂಗೇ ಆಟ ಆಡುಸ್ತದೆ. ಮುಂದಿನ್ ವಾರ ಇಡ್ಕೊಂಬಿಡೋಣ ಬಿಡಿ ಸಾರ್" ಎಂದು ಹೋಗುತ್ತಿದ್ದ. ಮರುದಿನ ಮತ್ತೆ ಅದೇ ರಾಗ.

ನನಗೆ ಕಾರು ಬೇಕಾಗಿದ್ದದ್ದು ಗುರುವಾರಕ್ಕೆ. ಟಿ. ದಾಸರಹಳ್ಳಿಯಲ್ಲಿ ನನ್ನ ಅಕ್ಕ ಇದ್ದಳು. ಸೊಂಟ ಮುರಿದ ಮೇಲೆ ಅವಳಿಗೆ ಆಟೋ ಹತ್ತಲು ಆಗುತ್ತಿರಲಿಲ್ಲ. ಕಾರಿನ ಮುಂದಿನ ಸೀಟಿನಲ್ಲಾದರೆ ಹೇಗೋ ಕೂರುತ್ತಿದ್ದಳು. ಗುರುವಾರ ಅವಳ ಮನೆಮಂದಿಯೆಲ್ಲ ಕೆಲಸಕ್ಕೆ ಹೋದ ಮೇಲೆ ನಾನು ಹೋಗಿ, ನಾಗಸಂದ್ರದ ಕಡೆ ಒಂದು ಸುತ್ತು ಹೊಡೆಸುತ್ತಿದ್ದೆ. ಹೋಟೆಲಿನ ಮುಂದೆ ನಿಲ್ಲಿಸಿ, ಕಾರಿನಲ್ಲೇ ಕಾಫಿ ಕುಡಿದು, ಸತ್ತ ಸಂಬಂಧಿಕರನ್ನೆಲ್ಲ ಆಡಿಕೊಂಡು ನಗುತ್ತಿದ್ದೆವು. ವಾರಕ್ಕೆ ಅವಳು ಹೊಸ್ತಿಲು ದಾಟುತ್ತಿದ್ದುದು ಅದೊಂದೇ ದಿನ.

"ಗಾಡಿ ಸರಿಹೋಯ್ತೇನೋ?" ಎಂದು ಫೋನಿನಲ್ಲಿ ಕೇಳುತ್ತಿದ್ದಳು.

"ಇಲ್ಲ ಕಣಕ್ಕ, ಒಂದು ವೈರು ಸಿಕ್ತಿಲ್ಲ. ಬರೋ ವಾರ ಗ್ಯಾರಂಟಿ."

"ಸೀರೆ ಉಟ್ಕೊಂಡು ಕೂತಿದ್ದೆ..." ಎಂದಳು ಒಮ್ಮೆ. ಬಾಡಿಗೆ ಕಾರು ಮಾಡಬಹುದಿತ್ತು. ಮುಂದಿನ ವಾರ ಸರಿಹೋಗುತ್ತದಲ್ಲ ಎಂದು ಸುಮ್ಮನಾದೆ. ಮೆಕ್ಯಾನಿಕ್ ಬಂದು ಕಾರು ಹೊರಡಿಸುವಷ್ಟರಲ್ಲಿ ಅಕ್ಕನ ಮನೆಯವರು ವಾಪಸಾಗುವ ಹೊತ್ತಾಗಿರುತ್ತಿತ್ತು. ಹಾಗೆ ನಾಲ್ಕು ಗುರುವಾರ ತಪ್ಪಿದವು.

ಕೈಕಟ್ಟಿ ಕೂರುವವನು ನಾನಲ್ಲ. ಒಂದು ನೋಟ್‌ಬುಕ್ಕಿನಲ್ಲಿ ದಿನ, ಬಿಸಿಲೋ ಮೋಡವೋ, ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟು, ಎಲ್ಲ ಬರೆದಿಟ್ಟೆ. ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಡುವ ಭಾನುವಾರ ಕಾರು ಒಮ್ಮೆಯೂ ಕೆಟ್ಟಿರಲಿಲ್ಲ. ನನ್ನ ಬುದ್ಧಿ ಚುರುಕಾಯಿತು. ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದರು; ಕಾಂಕ್ರೀಟ್ ಮೆಷಿನ್ನಿನ ಅದುರಾಟಕ್ಕೆ ವೈರು ಸಡಿಲವಾಗುತ್ತದೆ, ಭಾನುವಾರ ಕೆಲಸಕ್ಕೆ ರಜೆ, ಹಾಗಾಗಿ ಕಾರು ಸರಿಯಿರುತ್ತದೆ! ಇದನ್ನು ಚಿತ್ರ ಬರೆದು ಮೆಕ್ಯಾನಿಕ್ಕನಿಗೆ ವಿವರಿಸಿದೆ. ಅವನು ಕೈ ಒರೆಸಿಕೊಳ್ಳುತ್ತಾ ಪೂರ್ತಿ ಕೇಳಿಸಿಕೊಂಡ. "ಇರ್ಬೌದು ಸಾರ್. ನಿಮ್ ತಲೆ ಅಂದ್ರೆ ತಲೆ" ಎಂದ. ಎದ್ದು ಬಂದು ಆ ಸೈಟಿನ ಗೋಡೆಯನ್ನೂ ಮುಟ್ಟಿ ನೋಡಿದ.

ಐದನೆಯ ಗುರುವಾರ ಬರುವ ಮೊದಲೇ ಅಕ್ಕ ಹೋಗಿಬಿಟ್ಟಳು. ನಿದ್ದೆಯಲ್ಲೇ...

ಕಾರ್ಯವೆಲ್ಲ ಮುಗಿದ ಮೇಲೆ ಒಂದು ಬೆಳಗ್ಗೆ, ದುಃಖಕ್ಕೋ ಹಟಕ್ಕೋ, ಟಾರ್ಚ್ ಹಿಡಿದು ಸ್ಟೀರಿಂಗ್ ಕೆಳಗೆ ಅಂಗಾತ ಮಲಗಿದೆ. ಮೂಲೆಯಲ್ಲಿ ಒಂದು ಪುಟ್ಟ ಸ್ವಿಚ್ಚು. ಅದಕ್ಕೆ ಹೋದ ವೈರಿಗೆ ಹೊಸ ಟೇಪು. ಟೇಪಿನ ತುದಿ ಮಡಚಿತ್ತು. ಸ್ವಿಚ್ಚು ಒತ್ತಿದೆ, ಕಾರು ಸ್ಟಾರ್ಟ್ ಆಯಿತು. ಆಫ್ ಮಾಡಿದೆ, ಆಗಲಿಲ್ಲ. ಕಳ್ಳರು ಗಾಡಿ ಒಯ್ಯದಿರಲೆಂದು ಹಾಕಿಸುವ ಗುಟ್ಟಿನ ಸ್ವಿಚ್ಚು ಅದು. ಇಲ್ಲಿ ಕಳ್ಳ ನಾನೇ. ಮೈಯೆಲ್ಲ ಉರಿದುಹೋಯಿತು.

ಅಂಗಡಿಗೆ ಹೋಗಿ ನಿಂತೆ. ನನ್ನ ಮುಖ ನೋಡಿಯೇ ಅವನಿಗೆ ಗೊತ್ತಾಯಿತು.

"ನಿಮ್ ಮಗ ಕೈ ಮುಗ್ದು ಕೇಳ್ಕಂಡ್ರು ಸಾರ್. ಅಪ್ಪಂಗೆ ಕಣ್ಣು ಮಂಜು, ಯಾರ್ಗಾದ್ರೂ ಗುದ್ಬಿಟ್ರೆ ಅಂತ... ಭಾನುವಾರ ಅವ್ರೇ ಪಕ್ದಲ್ ಕೂರ್ತಾರಲ್ಲ, ಅವತ್ತು ಬಿಟ್ಟು ಉಳಿದ್ ದಿನ ಆಫ್ ಮಾಡಿ ಆಫೀಸ್ಗೋಯ್ತಿದ್ರು. ಒಂದೊಂದಿನ ಮರ್ತೋಗೋರು."

"ನನಗೇ ಹೇಳ್ಬೋದಿತ್ತಲ್ಲಯ್ಯಾ?"

"ಏಳಿದ್ರೆ ಬಿಡ್ತಿದ್ರಾ ಸಾರ್?"

ಬಿಡುತ್ತಿರಲಿಲ್ಲ, ನಿಜ. ಗೇಟಿನ ಕಂಬಕ್ಕೆ ಎರಡು ಸಲ ಕಾರು ಉಜ್ಜಿದ್ದೆ. ಹೇಳಿದ್ದರೆ ಎರಡು ದಿನ ಕೂಗಾಡುತ್ತಿದ್ದೆ. ಆದರೆ ಗುರುವಾರ ಬಾಡಿಗೆ ಕಾರು ಮಾಡಿಕೊಂಡು ಅಕ್ಕನ ಮನೆಗೆ ಹೋಗುತ್ತಿದ್ದೆ. ಅದನ್ನು ಅವನಿಗೆ ಹೇಳಲಿಲ್ಲ. ತಿರುಗಿ ಬಂದೆ.

ಮಗನ ಜೊತೆ ಒಂದು ತಿಂಗಳು ಮಾತು ಬಿಟ್ಟೆ. ಅವನು ಅತ್ತ. ಒಂದೇ ಮನೆ, ಒಂದೇ ಊಟ, ಎಷ್ಟು ದಿನ ಮುಖ ತಿರುಗಿಸಿಕೊಂಡಿರುವುದು? ಆಮೇಲೆ ಅವನೇ ಕರೆದುಕೊಂಡು ಹೋಗಿ ಕಣ್ಣಿನ ಪೊರೆ ತೆಗೆಸಿದ. ಮೆಕ್ಯಾನಿಕ್ಕನನ್ನು ಮಾತ್ರ ಕ್ಷಮಿಸಲಾಗಲಿಲ್ಲ. ಮಗ ಹೆದರಿ ಮಾಡಿದ. ಇವನು ದಿನಾ ಸಂಜೆ ನನ್ನೆದುರು ಕೂತು, ತಾನೇ ಇಟ್ಟ ದೋಷವನ್ನು ನನ್ನ ಜೊತೆ ಸೇರಿ ಹುಡುಕಿದ. ನನ್ನ ಚಿತ್ರವನ್ನು ಮೆಚ್ಚಿಕೊಂಡ. ನಂಬಿಕೆದ್ರೋಹ ಎಂದರೆ ಇದೇ ಅಲ್ಲವೇ? ಅಂಗಡಿಯ ಮುಂದೆ ಹಾದರೆ ಅವನು ಕೈ ಎತ್ತುತ್ತಿದ್ದ. ನಾನು ಆಚೆ ಬದಿಯ ಬೋರ್ಡು ಓದುತ್ತಾ ಹೋಗುತ್ತಿದ್ದೆ.

ಹೋದ ವರ್ಷ ಅವನು ತೀರಿಕೊಂಡ. ಎದೆನೋವಂತೆ. ನಾನು ಮಣ್ಣಿಗೆ ಹೋಗಲಿಲ್ಲ. ಅಂಗಡಿಯಲ್ಲಿ ಈಗ ಯಾರೋ ಮೊಬೈಲ್ ಕವರ್ ಮಾರುತ್ತಾರೆ. ಇವತ್ತು ಬೆಳಗ್ಗೆ ಸೊಪ್ಪಿನ ಗಾಡಿಯ ಹತ್ತಿರ ಅವನ ಹೆಂಡತಿ ಸಿಕ್ಕಿದಳು.

"ನಿಮ್ಮನ್ನ ತುಂಬಾ ನೆನೆಸ್ಕೊಳ್ಳೋರು ಸಾರ್" ಎಂದಳು. "ಮಾತ್ ಬಿಟ್ರೂ ಪರ್ವಾಗಿಲ್ಲ, ಸಾರ್ ಜೀವ ಉಳೀತಲ್ಲ, ಅದೊಂದ್ ಒಳ್ಳೆ ಕೆಲ್ಸ ಮಾಡ್ದೆ ಅನ್ನೋರು."

ಅಕ್ಕನ ವಿಷಯವನ್ನು ನಾನು ಅವನಿಗೆ ಹೇಳಿಯೇ ಇರಲಿಲ್ಲ. ಅಷ್ಟು ದಿನ ಕಾರಿನ ಬಗ್ಗೆ ಮಾತಾಡಿದೆವು. ಎಲ್ಲಿಗೆ ಹೋಗಬೇಕು ಎಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಈಗ ಇವಳಿಗಾದರೂ ಹೇಳಿಬಿಡಬೇಕೆಂದು ಮಾತು ನಾಲಿಗೆಯ ತುದಿಗೆ ಬಂತು.

"ಹೌದಮ್ಮ" ಎಂದು, ಸೊಪ್ಪು ತೆಗೆದುಕೊಂಡು ಮನೆಗೆ ಬಂದೆ.