ಶುಕ್ರವಾರ ನಾನು ಒತ್ತದ ಕರೆಗಂಟೆ

2019ರಲ್ಲಿ ನಾನು ನೈರೋಬಿಯಲ್ಲಿ ರೂಬೆನ್ ಎಂಬ ಹಿರಿಯ ಮಾನವ ಹಕ್ಕುಗಳ ವಕೀಲರ ಕಚೇರಿಯಲ್ಲಿ ಸಹಾಯಕಿಯಾಗಿದ್ದೆ. ಮಂಗಳೂರಿನ ಕಾನೂನು ಪದವಿ ಇತ್ತು. ಕೆನ್ಯಾದಲ್ಲಿ ವಕೀಲಿ ಮಾಡುವ ಸನ್ನದು ಇರಲಿಲ್ಲ. ಹಾಗಾಗಿ ಅರ್ಜಿ ಬರೆಯುವುದು ನಾನು, ಸಹಿ ಹಾಕುವುದು ಅವರು. ಊರಿನ ಪುಟ್ಟ ಯಹೂದಿ ಸಮುದಾಯಕ್ಕೂ ಅವರೇ ಮುಖಂಡರು. ಶುಕ್ರವಾರ ಸೂರ್ಯ ಮುಳುಗಿದರೆ ಶನಿವಾರ ಕತ್ತಲಾಗುವವರೆಗೆ ಅವರಿಗೆ ಸಬ್ಬತ್: ಫೋನಿಲ್ಲ, ಕಾರಿಲ್ಲ, ಪೆನ್ನೂ ಮುಟ್ಟುವಂತಿಲ್ಲ. ಬಂದವರು ಮಂತ್ರಿಯೇ ಆಗಲಿ, ಸೋಮವಾರ ಬನ್ನಿ ಎಂದು ಹೇಳಿ ಕಳಿಸುವುದು ನನ್ನ ಕೆಲಸ. ಅದನ್ನು ತುಸು ಗತ್ತಿನಿಂದಲೇ ಮಾಡುತ್ತಿದ್ದೆ.

ಒಂದು ಶುಕ್ರವಾರ ಸಂಜೆ ಆರೂ ಮುಕ್ಕಾಲಿಗೆ ಅಲ್ಮಾಜ್ ಎಂಬಾಕೆ ಫೋನ್ ಮಾಡಿದಳು. ಆಕೆಯ ಗಂಡ ಗಿರ್ಮಾ ನಮ್ಮ ಕಕ್ಷಿದಾರ. ತನ್ನ ದೇಶದ ಸರ್ಕಾರದ ವಿರುದ್ಧ ಬರೆದು, ಜೀವ ಉಳಿಸಿಕೊಳ್ಳಲು ಓಡಿಬಂದಿದ್ದ ಶಾಲಾ ಮೇಷ್ಟ್ರು. ಅವನನ್ನು ಪೊಲೀಸರು ಕಸರಾನಿ ಬಡಾವಣೆಯ ಮನೆಯಿಂದ ಹಿಡಿದೊಯ್ದು ವಿಮಾನ ನಿಲ್ದಾಣದಲ್ಲಿ ಕೂಡಿಹಾಕಿದ್ದರು. ಮರುದಿನ ಮಧ್ಯಾಹ್ನ ಮೂರು ಗಂಟೆಯ ವಿಮಾನದಲ್ಲಿ ವಾಪಸ್ ಕಳಿಸುತ್ತಾರಂತೆ. ಹಾಗೆ ವಾಪಸ್ ಹೋದವರು ಮನೆ ಸೇರಿದ್ದನ್ನು ಯಾರೂ ಕಂಡಿರಲಿಲ್ಲ.

ಹೇಬಿಯಸ್ ಕಾರ್ಪಸ್, ಅಂದರೆ ಬಂಧಿತನನ್ನು ನ್ಯಾಯಾಧೀಶರ ಮುಂದೆ ತರಿಸುವ ಅರ್ಜಿಯನ್ನು ಕೂಡಲೇ ಸಿದ್ಧಮಾಡಿದೆ. ರಜೆಯಲ್ಲೂ ಅದನ್ನು ಕೇಳಲು ಒಬ್ಬ ನ್ಯಾಯಾಧೀಶರಿರುತ್ತಾರೆ. ಬೇಕಿದ್ದುದು ಸಹಿಯೊಂದೇ. ಹೈರಿಡ್ಜ್‌ನ ನಮ್ಮ ಮನೆಯಿಂದ ಕಿಲೆಲೆಶ್ವಾದ ರೂಬೆನ್ ಸರ್ ಮನೆಗೆ ಹದಿನೈದು ನಿಮಿಷದ ದಾರಿ.

"ಅವರ ದೇವರ ದಿನ ಮಾರಾಯ್ತಿ," ಎಂದರು ನನ್ನ ಗಂಡ. "ಈಗ ಹೋಗಿ ಬೆಲ್ ಒತ್ತುವುದಾ? ಬೇರೆ ಲಾಯರ್ ಯಾರೂ ಇಲ್ವಾ?"

ನನಗೂ ಅದೇ ಸರಿ ಎನಿಸಿತು. ಅಂದೂ ಮರುದಿನವೂ ಆರು ವಕೀಲರಿಗೆ ಫೋನ್ ಮಾಡಿದೆ. ಒಬ್ಬರು ಮದುವೆಯಲ್ಲಿ, ಒಬ್ಬರು ಮೊಂಬಾಸಾದಲ್ಲಿ. ಉಳಿದವರು ಎತ್ತಲೇ ಇಲ್ಲ. ಅರ್ಧ ಗಂಟೆಗೊಮ್ಮೆ ಅಲ್ಮಾಜ್ ಫೋನ್ ಮಾಡಿ ಕೇಳುತ್ತಿದ್ದಳು, "ಸಹಿ ಆಯಿತೇ?" ಆಗುತ್ತದೆ ಎನ್ನುತ್ತಿದ್ದೆ. ಮೂರು ಗಂಟೆಯ ನಂತರ ಅವಳು ಕೇಳಲಿಲ್ಲ.

ಸಬ್ಬತ್ ಮುಗಿದೊಡನೆ ರೂಬೆನ್ ಸರ್ ಮನೆಗೆ ಹೋಗಿ ನಡೆದದ್ದನ್ನು ಹೇಳಿದೆ. ಅವರು ಅರ್ಜಿಯನ್ನು ಕೊನೆಯವರೆಗೂ ಓದಿದರು.

"ಬಂದು ಬಾಗಿಲು ಯಾಕೆ ಬಡಿಯಲಿಲ್ಲ?"

"ಸಬ್ಬತ್ ಅಲ್ಲವೇ ಸರ್."

"ಜೀವ ಹೋಗುವಾಗ ಸಬ್ಬತ್ ಮುರಿಯಲೇಬೇಕು. ಮುರಿಯಬಹುದು ಅಂತಲ್ಲ, ಮುರಿಯಲೇಬೇಕು. ನಾನು ನಿನಗೆ ಹೇಳಿರಲಿಲ್ಲವೇ?"

ಅವರು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ. ಅವರ ಮಡಿಯನ್ನು ಅವರಿಗಿಂತ ಹೆಚ್ಚಾಗಿ ನಾನು ಕಾದಿದ್ದೆ. ಅವರು ಪೆನ್ನು ತೆಗೆದು, ಇನ್ನು ಯಾರಿಗೂ ಬೇಡವಾದ ಆ ಅರ್ಜಿಗೆ ಸಹಿ ಹಾಕಿದರು.

ಗಿರ್ಮಾನ ಸುದ್ದಿ ಇಂದಿಗೂ ಇಲ್ಲ. ಪರರ ಧರ್ಮವನ್ನು ಗೌರವಿಸುವವರು ಮೊದಲು ಅದೇನೆಂದು ಕೇಳಿ ತಿಳಿಯಬೇಕು. ಈ ವೃತ್ತಿ ನನಗೆ ಕಲಿಸಿದ್ದು ಅದು. ಅಲ್ಮಾಜ್ ಈಗಲೂ ಕಚೇರಿಗೆ ಬರುತ್ತಾಳೆ. ನಿಮ್ಮಿಂದ ಆಗುವಷ್ಟು ಮಾಡಿದಿರಿ ಎಂದು ನನಗೇ ಸಮಾಧಾನ ಹೇಳುತ್ತಾಳೆ. ಇಲ್ಲ, ಒಂದು ಕರೆಗಂಟೆ ಒತ್ತಲಿಲ್ಲ ಎನ್ನಲು ನನ್ನಿಂದ ಇನ್ನೂ ಆಗಿಲ್ಲ.