ಬಾಯಿಬಿಟ್ಟು ಹೇಳಿದ ಲೆಕ್ಕ

ಹೋದ ಶನಿವಾರ ಇಲ್ಲಿ ಮೆಲ್ಬರ್ನ್‌ನ ಗ್ಲೆನ್ ವೇವರ್ಲಿಯ ಗೆಳತಿಯ ಮನೆಯಲ್ಲಿ ಯಾರೋ ಡಬ್ಬಿಯ ಮುಚ್ಚಳ ತೆಗೆದರು. ಹುರಿದ ಗುರೆಳ್ಳಿನ ಚಟ್ನಿಪುಡಿಯ ವಾಸನೆ. ತಟ್ಟೆ ಹಿಡಿದು ನಿಂತಲ್ಲೇ ನಾನು ಸಿಡ್ನಿಯ ಕ್ವೇಕರ್ಸ್ ಹಿಲ್‌ನ ಒಂದು ಅಡುಗೆಮನೆಗೆ ಹೋಗಿಬಿಟ್ಟೆ... ಇಳಿಬಿಸಿಲು, ಕಿಟಕಿಯಾಚೆ ಒಣಗುತ್ತಿದ್ದ ಬಟ್ಟೆ, ಒಲೆಯ ಮೇಲೆ ಆಗತಾನೇ ಹುರಿದ ಗುರೆಳ್ಳು, ಮೇಜಿನ ಮುಂದೆ ಪಕ್ಕದ ಮನೆ ಆಂಟಿ.

ಆಂಟಿ ಧಾರವಾಡದವರು. ಅಲ್ಲಿನ ಕಾಲೇಜಿನಲ್ಲಿ ಬಹಳ ವರ್ಷ ಗಣಿತ ಕಲಿಸಿ, ಗಂಡ ತೀರಿಕೊಂಡ ಮೇಲೆ ಮಗನ ಮನೆಗೆ ಬಂದಿದ್ದರು. ನಾನಾಗ ಹನ್ನೆರಡನೇ ಕ್ಲಾಸು. ಕ್ಯಾಲ್ಕುಲಸ್ ತಲೆಗೆ ಹತ್ತುತ್ತಿರಲಿಲ್ಲ. ಇನ್ನೊಂದು ಟೆಸ್ಟ್ ಕೈಕೊಟ್ಟರೆ ಸುಲಭದ ಗಣಿತಕ್ಕೆ ಇಳಿಯಬೇಕು ಎಂದು ಟೀಚರ್ ಹೇಳಿದ್ದರು. ಇಳಿದರೆ ಎಂಜಿನಿಯರಿಂಗ್ ಆಸೆ ಬಿಟ್ಟ ಹಾಗೆ. ಪಾಠ ಹೇಳಿಕೊಡ್ತೀರಾ ಎಂದು ಅಮ್ಮ ಬೇಲಿಯ ಈಚೆಯಿಂದಲೇ ಆಂಟಿಯನ್ನು ಕೇಳಿದಳು. "ನಾಳಿಂದ ಕಳಸ್ರಿ," ಎಂದರು.

ಅವರದೊಂದು ವಿಚಿತ್ರ ಪದ್ಧತಿ. ಲೆಕ್ಕವನ್ನು ನಾನು ಗಟ್ಟಿಯಾಗಿ ಓದಬೇಕು, ಬಿಡಿಸುತ್ತಾ ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕು. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು, ಯಾರೋ ದೂರದಲ್ಲಿ ಹಾಡುತ್ತಿದ್ದಾರೇನೋ ಎನ್ನುವ ಹಾಗೆ.

"ಎಕ್ಸ್ ಸ್ಕ್ವೇರ್ ಪ್ಲಸ್ ಒನ್, ಹೋಲ್ ಪವರ್ ಫೈವ್. ಐದು ಮುಂದೆ ಬಂತು, ಪವರ್ ನಾಲ್ಕಾಯ್ತು. ಅಷ್ಟೇ ಆಂಟಿ."

"ಅಷ್ಟ ಅಲ್ಲವಾ. ಹೊರಗಿಂದು ಮಾಡಿದಿ. ಕಂಸದ ಒಳಗಿಂದು ಸುಮ್ನ ಕೂತದೇನು? ಅದೂ ಬದಲಾಗ್ತದ. ಅದರ ಡೆರಿವೇಟಿವ್ನೂ ತಗಿ, ಗುಣಸು."

ಒಳಗಿನದು ಟೂ ಎಕ್ಸ್. ಗುಣಿಸಿದೆ. ಮಾರನೆಯ ದಿನ ಮತ್ತೆ ಮರೆತೆ. ಆಂಟಿ ಮತ್ತೆ ಅಲ್ಲೇ ತಡೆದರು, ಬೇಸರವಿಲ್ಲದೆ. ಹೀಗೆ ಎಷ್ಟು ಸಂಜೆಗಳೋ...

ಒಂದು ದಿನ ನಾನು ಬಾಯಿಬಿಡದೆ ಪೂರ್ತಿ ಬಿಡಿಸಿ, ಹಾಳೆಯನ್ನು ಅವರ ಮುಂದೆ ಸರಿಸಿದೆ. ಅದು ಮಗುಚಿಕೊಂಡಿತ್ತು, ಮೇಲಿದ್ದದ್ದು ಬರೆಯದ ಬದಿ. ಆಂಟಿ ಆ ಬಿಳಿ ಹಾಳೆಯ ಮೇಲೆ ನಿಧಾನವಾಗಿ ಬೆರಳಾಡಿಸಿ, "ಬರೋಬರಿ ಅದ," ಎಂದರು.

"ಆಂಟಿ... ನಿಮಗೆ ಕಾಣಿಸ್ತಿಲ್ವಾ?"

ಅವರು ನನ್ನ ಕೈ ಹಿಡಿದುಕೊಂಡರು. "ಅಂಚಿನಾಗ ಕಾಣಸ್ತದ. ನಟ್ಟನಡುವ ಮಂಜು. ಯಾರಿಗೂ ಹೇಳಬ್ಯಾಡ, ಮಗಳ. ತಿಳದ್ರ ಒಬ್ಬಾಕಿನ್ನ ಹೊರಗ ಬಿಡಂಗಿಲ್ಲ, ಒಲಿ ಮುಂದ ನಿಂದ್ರಗೊಡಂಗಿಲ್ಲ."

"ನಾನು ಹೇಳಲ್ಲ. ನೀವೇ ಹೇಳಿ, ಪ್ಲೀಸ್. ಡಾಕ್ಟರ್ ಹತ್ರ ಹೋದ್ರೆ ಇರೋದಾದ್ರೂ ಉಳಿಯತ್ತೆ."

"ಮುಂದಿನ ಲೆಕ್ಕ ಓದು," ಎಂದರು. ಓದಿದೆ. ಆ ದಿನ ಒಳಗಿನದನ್ನು ಮರೆಯಲಿಲ್ಲ. ಅದನ್ನು ನಾವಿಬ್ಬರೂ ಆಗ ಗಮನಿಸಲೂ ಇಲ್ಲ.

ಆ ಭಾನುವಾರ ಆಂಟಿ ತಾವೇ ಮಗನಿಗೆ ಹೇಳಿದರು. ಮಗ ನಮ್ಮ ಮನೆಗೆ ಬಂದು ಸೋಫಾದ ಮೇಲೆ ಕೂತು, "ಒಂದೇ ಮನೇಲಿದ್ವಿ, ನನಗೆ ಗೊತ್ತೇ ಆಗಲಿಲ್ಲ," ಎಂದು ಅತ್ತರು. ಕಣ್ಣಿಗೆ ಇಂಜೆಕ್ಷನ್‌ಗಳು ಶುರುವಾದವು. ಎಡಗಣ್ಣನ್ನು ಉಳಿಸಲಾಗಲಿಲ್ಲ. ಬಲಗಣ್ಣು ಬಹಳ ಕಾಲ ಇದ್ದ ಹಾಗೇ ಉಳಿಯಿತು. ಒಲೆಯನ್ನೇನೂ ಯಾರೂ ಕಸಿದುಕೊಳ್ಳಲಿಲ್ಲ. ಸೊಸೆ ಅದರ ತಿರುಪುಗಳಿಗೆ ಬೆರಳಿಗೆ ಸಿಗುವಂಥ ರಬ್ಬರ್ ಚುಕ್ಕೆಗಳನ್ನು ಅಂಟಿಸಿದರು.

ನಾನು ಟೆಸ್ಟ್ ದಾಟಿದೆ, ಎಂಜಿನಿಯರಿಂಗ್ ಓದಿದೆ, ಕೆಲಸಕ್ಕೆಂದು ಮೆಲ್ಬರ್ನ್‌ಗೆ ಬಂದೆ. ಸಿಡ್ನಿಗೆ ಹೋದಾಗಲೆಲ್ಲ ಆಂಟಿಯನ್ನು ನೋಡಿ ಬರುತ್ತಿದ್ದೆ. ಕೊನೆಯ ಸಲ ಹೋದಾಗ ಬಲಗಣ್ಣೂ ಸೋತಿತ್ತು. ನನ್ನ ಮುಖವನ್ನು ಸವರಿ, "ಏನರೆ ಒಂದು ಲೆಕ್ಕ ಹೇಳವಾ," ಎಂದರು.

"ಸೈನ್ ಆಫ್ ಎಕ್ಸ್ ಕ್ಯೂಬ್."

"ಕಾಸ್ ಎಕ್ಸ್ ಕ್ಯೂಬ್..." ಎಂದು ನಿಲ್ಲಿಸಿದರು. ಮರೆತರೇನೋ ಎಂದುಕೊಂಡೆ. ಮರೆತಿರಲಿಲ್ಲ, ನನಗಾಗಿ ಕಾಯುತ್ತಿದ್ದರು.

"ಇಂಟು ಥ್ರೀ ಎಕ್ಸ್ ಸ್ಕ್ವೇರ್," ಎಂದೆ. ನಕ್ಕರು... ಹುಡುಗಿಯ ಹಾಗೆ.

ಅದೇ ಚಳಿಗಾಲದಲ್ಲಿ ಹೋಗಿಬಿಟ್ಟರು. ಅಮ್ಮ ಫೋನ್ ಮಾಡಿದಾಗ ನಾನು ಟ್ರೈನಿನಲ್ಲಿದ್ದೆ. ಇಳಿಯಬೇಕಾದ ಸ್ಟೇಷನ್ ದಾಟಿ ಹೋಗಿದ್ದು ತಿಳಿಯಲೇ ಇಲ್ಲ.

ಮಗ ಬೇರೆ ಸಬರ್ಬ್‌ಗೆ ಹೋದರು. ಆ ಮನೆಯಲ್ಲೀಗ ಹೊಸಬರು, ಅಂಗಳದಲ್ಲಿ ಟ್ರ್ಯಾಂಪೊಲೀನು. ನಿನ್ನೆ ಫೋನಿನಲ್ಲಿ ಅಮ್ಮ, "ಆಂಟಿ ಮನೆ ಪಕ್ಕದ ಬೇಲಿ ಬಿದ್ದಿದೆ ಕಣೇ," ಎಂದಳು. ಹೊಸಬರು ಬಂದು ಎಷ್ಟು ದಿನವಾದರೂ ನಮಗದು ಆಂಟಿ ಮನೆಯೇ.